ಎಂಆರ್‌ಎನ್‌ಎ ಲಸಿಕೆ ನಮ್ಮ ಡಿಎನ್‌ಎ ಮುಟ್ಟುವುದಿಲ್ಲ

ಮಾನ್ಯರೇ,

ಕೋವಿಡ್ ಲಸಿಕೆ ನಮ್ಮ ಡಿಎನ್‌ಎಯನ್ನೇ ಬದಲಾಯಿಸುತ್ತದೆ ಎಂಬ ಮಾತು ಇನ್ನೂ ನಿಂತಿಲ್ಲ. ಮೊನ್ನೆ ನೆಂಟರ ಮದುವೆಯ ಪಂಕ್ತಿಯಲ್ಲೂ ಅದೇ ಮಾತು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದ ನನಗೆ ಸುಮ್ನೆ ಕೂರಲು ಆಗಲಿಲ್ಲ.

ಎಂಆರ್‌ಎನ್‌ಎ (ಪ್ರೋಟೀನ್ ಮಾಡುವ ಸೂಚನೆ ಹೊತ್ತ ಅಣು) ಲಸಿಕೆ ತೆಗೆದುಕೊಂಡು ತಪ್ಪು ಮಾಡಿದೆವು ಎಂದು ಹೆದರಿದ್ದವರು ಹಾಕಿಸಿಕೊಂಡಿದ್ದು ಕೋವಿಶೀಲ್ಡ್. ಅದು ಆ ಬಗೆಯದೇ ಅಲ್ಲ. ಕೋವ್ಯಾಕ್ಸಿನ್ ಕೂಡ ಅಲ್ಲ. ಫೈಜರ್, ಮಾಡರ್ನಾ ಲಸಿಕೆಗಳು ಆ ಬಗೆಯವು. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಜಾಸ್ತಿ ಹಾಕಿಸಿಕೊಂಡಿದ್ದು ಅವನ್ನೇ. ಪುಣೆಯ ಜೆನ್ನೋವಾ ತಯಾರಿಸಿದ ಇಂಥ ಲಸಿಕೆಗೆ ನಮ್ಮಲ್ಲೂ 2022ರಲ್ಲಿ ಅನುಮತಿ ಸಿಕ್ಕಿತು.

ಪಕ್ಕದಲ್ಲಿ ಕೂತವರಿಗೆ ನಾನು ಹೇಳಿದ್ದು ಇಷ್ಟು. ಈ ಲಸಿಕೆಯಲ್ಲಿರುವ ಎಂಆರ್‌ಎನ್‌ಎ ಅಡುಗೆ ಭಟ್ಟರ ಕೈಗೆ ಕೊಡುವ ಚೀಟಿಯ ಹಾಗೆ. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳೇ ಭಟ್ಟರು. ವೈರಸ್ಸಿನ ಮೈಮೇಲೆ ಮುಳ್ಳಿನಂತೆ ಇರುತ್ತದಲ್ಲ, ಆ ಸ್ಪೈಕ್ ಪ್ರೋಟೀನ್ ಮಾಡುವ ಬಗೆಯಷ್ಟೇ ಚೀಟಿಯಲ್ಲಿದೆ. ಇಡೀ ವೈರಸ್ ಇಲ್ಲ, ಹಾಗಾಗಿ ಲಸಿಕೆಯಿಂದ ಕೋವಿಡ್ ಬರಲಾರದು. ಚೀಟಿ ಬಲು ನಾಜೂಕು, ಅದಕ್ಕೇ ಕೊಬ್ಬಿನ ಪುಟ್ಟ ಕಣದಲ್ಲಿ ಸುತ್ತಿ ಕಳಿಸುತ್ತಾರೆ. ತಯಾರಾದ ಮುಳ್ಳನ್ನು ನೋಡಿ ದೇಹ ಇದು ಹೊರಗಿನದು ಎಂದು ಗುರುತು ಹಿಡಿಯುತ್ತದೆ, ಪ್ರತಿಕಾಯಗಳನ್ನು ಮಾಡುತ್ತದೆ. ಕೆಲವು ಕೋಶಗಳು ಆ ಗುರುತನ್ನು ನೆನಪಿಟ್ಟುಕೊಳ್ಳುತ್ತವೆ. ನಿಜವಾದ ವೈರಸ್ ಬಂದಾಗ ಅವು ತಡಮಾಡುವುದಿಲ್ಲ. ವೈರಸ್ ವೇಷ ಬದಲಿಸಿದರೆ ಸೋಂಕು ತಗಲಬಹುದು, ಆದರೆ ಕಾಯಿಲೆ ಜೋರಾಗುವುದು ಕಡಿಮೆ.

ಡಿಎನ್‌ಎ ಇರುವುದು ಕೋಶದ ಒಳಕೋಣೆಯಾದ ನ್ಯೂಕ್ಲಿಯಸ್‌ನಲ್ಲಿ. ಚೀಟಿ ಅಲ್ಲಿಗೆ ಹೋಗುವುದೇ ಇಲ್ಲ. ಅಡುಗೆಮನೆಯಲ್ಲೇ ಕೆಲಸ ಮುಗಿಸಿ ಚೂರಾಗಿ ಹೋಗುತ್ತದೆ.

ಒಂದೇ ವರ್ಷದಲ್ಲಿ ಅವಸರವಾಗಿ ಮಾಡಿದ್ದಲ್ವಾ ಎಂದೂ ಒಬ್ಬರು ಕೇಳಿದರು. ಅಲ್ಲ, ಇದರ ಹಿಂದಿನ ಸಂಶೋಧನೆ ಹಳೆಯದು. ಮೊದಲೆಲ್ಲ ಇಂಥ ಎಂಆರ್‌ಎನ್‌ಎ ದೇಹಕ್ಕೆ ಹೋದರೆ ಉರಿಯೂತ ಆಗುತ್ತಿತ್ತು. ಅದರ ಒಂದು ಅಕ್ಷರವನ್ನು, ಅಂದರೆ ಒಂದು ರಾಸಾಯನಿಕ ಘಟಕವನ್ನು, ಚೂರು ಮಾರ್ಪಡಿಸಿದರೆ ಉರಿಯೂತ ತಗ್ಗುತ್ತದೆ ಎಂದು ವಿಜ್ಞಾನಿಗಳಾದ ಕಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ ತೋರಿಸಿದ್ದು 2005ರಲ್ಲಿ. ನೊಬೆಲ್ ಬಂದಿದ್ದು 2023ರಲ್ಲಿ. ಕಾರಿಕೊ ಅವರ ಆ ತಾಳ್ಮೆ ನೆನೆದರೆ ನನಗೆ ಕಣ್ಣು ತುಂಬುತ್ತದೆ.

ಅಡ್ಡಪರಿಣಾಮ ಇಲ್ಲ ಎನ್ನುತ್ತಿಲ್ಲ. ಅಪರೂಪಕ್ಕೆ, ಅದರಲ್ಲೂ ಹರೆಯದ ಹುಡುಗರಲ್ಲಿ, ಹೃದಯದ ಸ್ನಾಯುವಿನ ಉರಿಯೂತ ಕಂಡಿದೆ. ಅದನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕು.

ಲಸಿಕೆಯ ಸುದ್ದಿ ಹಾಕುವಾಗ ಅದು ಯಾವ ಬಗೆಯದು ಎಂದು ದಯವಿಟ್ಟು ಒಂದು ಸಾಲು ಸೇರಿಸಿ. ಜಾಗ ಇದ್ದ ದಿನ ಒಂದು ಚಿತ್ರವನ್ನೂ ಹಾಕಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಹಾಸನ