ಹಳ್ಳದ ದಂಡೆಯ ಪ್ಲಾಟು ಬೇಡವ್ವಾ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಹಬ್ಬದ ದಿನ ಅಳಿಯಂದಿರ ಮುಂದೆ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರಿದೆ, ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳಲಾರೆ. ಹಳ್ಳದ ದಂಡೆಯ ಆ ಪ್ಲಾಟಿಗೆ ಈ ತಿಂಗಳಲ್ಲೇ ಖರೀದಿಪತ್ರ ಎಂದು ನಿಮ್ಮವ್ವ ಹೇಳಿದಳು. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ಸ್ವಂತ ಪಗಾರದಲ್ಲಿ ಜಾಗ ಹಿಡಿಯುವ ಹೆಣ್ಣುಮಗಳು ನಮ್ಮ ಮನೆತನದಲ್ಲಿ ನೀನೇ ಮೊದಲು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಜಾಗ ನೋಡಿದ್ದು ಆಮೇಲೆ.

ಬೇಸಿಗೆಯಲ್ಲಿ ನೋಡಿದರೆ ಮಸ್ಕಿ ಹಳ್ಳ ಏನೂ ಅಲ್ಲ. ಆಪಿನ ಹುಲ್ಲು, ಜಾಲಿ, ನಡುವೆ ಒಂದು ಸಣ್ಣ ಧಾರೆ. ನಿಮಗೆ ತೋರಿಸಿದ್ದೂ ಆ ಹಳ್ಳವನ್ನೇ. ಇದು ತುಂಗಭದ್ರೆ ಮುಟ್ಟುವ ಹಳ್ಳ, ಇದರ ಮೈ ಬೇರೆ. ಸುತ್ತ ಬೋಳು ಕಲ್ಲುಗುಡ್ಡ, ಕೆಳಗೆ ಕಪ್ಪು ಮಣ್ಣಿನ ಎರೆಭೂಮಿ. ಗುಡ್ಡದ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ. ಎರೆ ಒಣಗಿದ್ದಾಗ ಬಿರುಕಿನೊಳಗೆ ನೀರು ಕುಡಿಯುತ್ತದೆ. ನೆನೆದು ಉಬ್ಬಿದರೆ ಬಿರುಕು ಮುಚ್ಚಿಕೊಂಡು ಇಂಗುವುದೇ ನಿಧಾನವಾಗುತ್ತದೆ, ಮುಂದಿನ ಮಳೆಯೆಲ್ಲ ಹಳ್ಳಕ್ಕೇ. ಊರಿನಲ್ಲಿ ಬಿಸಿಲಿದ್ದಾಗಲೂ ಹಳ್ಳ ಬರುತ್ತದೆ. ಮೇಲೆ ಮಾರಲದಿನ್ನಿ ಹತ್ತಿರ ಅಣೆ ಇದೆ, ಅದು ತುಂಬಿದರೆ ನೀರು ಬಿಡಲೇಬೇಕು.

2020ರ ಅಕ್ಟೋಬರ್. ಹಳ್ಳದ ನಡುವೆ ಇಬ್ಬರು ಸಿಕ್ಕಿಕೊಂಡರು. ಒಬ್ಬನನ್ನು ಉಳಿಸಿದರು, ಒಬ್ಬನನ್ನು ಹಳ್ಳ ಒಯ್ದಿತು. ನೀನು ಆಗ ಬೆಂಗಳೂರಿನಲ್ಲಿದ್ದೆ, ಮೊಬೈಲಿನಲ್ಲಿ ನೋಡಿದೆ. ನಾನು ದಂಡೆಯ ಮೇಲಿದ್ದೆ. ಆ ಹುಡುಗ ನಮಗೆ ಕಾಣುತ್ತಿದ್ದ, ಅವನಿಗೆ ನಾವೆಲ್ಲ ಕಾಣುತ್ತಿದ್ದೆವು. ಅಷ್ಟು ಹತ್ತಿರ. ಅಷ್ಟು ಮಂದಿ ನಿಂತಿದ್ದರೂ ಕೈ ಚಾಚಿದರೆ ಮುಟ್ಟುವಂತಿರಲಿಲ್ಲ. ಕೆಂಪುಗಪ್ಪು ನೀರು, ಅದರಲ್ಲಿ ಬೇರುಸಹಿತ ತೇಲಿ ಬರುವ ಜಾಲಿ ಗಿಡ, ಕಿವಿ ಗಡಚಿಕ್ಕುವ ಸದ್ದು. ನಿಮ್ಮ ಪ್ಲಾಟಿನ ಮುಂದೆ ನಿಂತಾಗ ನನಗೆ ಕಂಡದ್ದು ಆ ಹುಡುಗನೇ. ಮನೆ ಕಟ್ಟಿ, ಮೊಮ್ಮಕ್ಕಳಾಗಿ, ರಾತ್ರಿ ನೀರು ಬಂದರೆ? ಹಗಲು ಬಂದದ್ದಕ್ಕೇ ಏನೂ ಮಾಡಲಾಗಲಿಲ್ಲವಲ್ಲ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ ಎಂದು ನಿಮ್ಮವ್ವನೂ ಬೈಯುತ್ತಾಳೆ. ಕಣ್ಣು ಮುಚ್ಚಿದರೆ ಅವನು ಅಲ್ಲೇ ನಿಂತಿರುತ್ತಾನೆ, ಏನು ಮಾಡಲಿ?

ಈ ಹಳ್ಳದ ನೀರು ನಂಬಿ ಮೂರು ಸಾವಿರ ವರ್ಷದ ಹಿಂದೆಯೇ ಇಲ್ಲಿ ಮಂದಿ ಬಾಳಿದ್ದಾರೆ. 1954ರಲ್ಲಿ ಪುರಾತತ್ವದ ಬಿ. ಕೆ. ಥಾಪರ್ ಅವರು ಅಗೆಸಿದಾಗ ಕಲ್ಲಿನ ಅಲಗು, ಮಣಿ, ದನದ ಎಲುಬು ಸಿಕ್ಕವು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲೇ ಅಲ್ಲವೇ, ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಖಾತ್ರಿಯಾದದ್ದು. ಶಾಲೆ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ನನಗೆ ಎಷ್ಟು ಹೆಮ್ಮೆಯೋ ನೀನು ಬಲ್ಲೆ. ಆ ಹಳೆಯ ಮಂದಿ ನೆಲೆ ಹಿಡಿದದ್ದು ದುರ್ಗದ ಗುಡ್ಡದ ಬುಡದಲ್ಲಿ. ಹಳ್ಳಕ್ಕೆ ನೀರು ತರಲು ಹೋಗುತ್ತಿದ್ದಿರಬೇಕು, ಹಳ್ಳದೊಳಗೆ ಮನೆ ಹೂಡಲಿಲ್ಲ.

ಈಗಿನವರು ಹಾಗಲ್ಲ. ಮರಳು ಎತ್ತಿದರು, ಕಸ ಸುರಿದರು, ದಂಡೆಗೆ ಮೊರಂ ಮಣ್ಣು ಹಾಕಿ ಲೇಔಟ್ ಎಂದರು. ಕೊಪ್ಪಳದಲ್ಲಿ ಗವಿಮಠದ ಸ್ವಾಮಿಗಳು 2019ರಲ್ಲಿ ಜನರನ್ನು ಕಟ್ಟಿಕೊಂಡು ಹಿರೇಹಳ್ಳ ಸ್ವಚ್ಛ ಮಾಡಿಸಿದರು. ನಮ್ಮ ಹಳ್ಳಕ್ಕೂ ಆ ಭಾಗ್ಯ ಬರಲಿ. ಬಂದ ದಿನ ಜೆಸಿಬಿ ನಿಮ್ಮ ಕಾಂಪೌಂಡಿನ ತನಕ ಬರುತ್ತದೆ. ಆಗ ಹಳ್ಳದ ಪರವಾಗಿ ನಿಲ್ಲಲೋ, ಮಗಳ ಪರವಾಗಿ ನಿಲ್ಲಲೋ?

ಏಜೆಂಟ್ ಎನ್.ಎ. ಆಗಿದೆ, ಅಂದರೆ ಹೊಲದ ಜಾಗ ಬಿನ್‌ಶೇತ್ಕಿ ಆಗಿದೆ ಎಂದ ಮಾತ್ರಕ್ಕೆ ನಂಬಬೇಡ. ಗ್ರಾಮ ನಕಾಶೆ ತರಿಸು. ಹಳ್ಳದ ಗೆರೆ ಎಲ್ಲಿದೆ, ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಅಂದರೆ ‘ಬ’ ಖರಾಬು ಎಷ್ಟಿದೆ ಎಂದು ಪಹಣಿಯಲ್ಲಿ ನೋಡು. ಸರ್ವೆಯವರಿಂದ ಗಡಿ ಅಳೆಸಿ ಹದ್ದುಬಸ್ತು ಮಾಡಿಸು. ಎರೆಯಲ್ಲಿ ಪಾಯ ತೆಗೆದರೆ ಗಟ್ಟಿ ಸಿಗುವ ತನಕ ಇಳಿಯಬೇಕು, ಇಲ್ಲದಿದ್ದರೆ ಗೋಡೆ ಸೀಳುತ್ತದೆ, ಆ ಖರ್ಚೂ ಲೆಕ್ಕ ಹಾಕು. ಪಾಠ ಶುರುಮಾಡಿದೆ ಅನ್ನಬೇಡ, ಇಷ್ಟು ವರ್ಷ ಅದೇ ಕೆಲಸ ಮಾಡಿದವನು ನಾನು.

ಮುಂಗಡ ಕೊಟ್ಟದ್ದು ಹೋದರೆ ಹೋಗಲಿ, ಈ ಸಲದ ತೊಗರಿ ಮಾರಿ ಅಷ್ಟನ್ನೂ ನಾನು ತುಂಬಿಕೊಡುತ್ತೇನೆ. ಅಳಿಯಂದಿರಿಗೆ ಇದು ಬೀಗತನದ ಮರ್ಯಾದೆಯ ಪ್ರಶ್ನೆ ಅಲ್ಲ ಎಂದು ಹೇಳು. ಗುಡ್ಡದ ಕಡೆ ಒಂದು ಜಾಗ ವಿಚಾರಿಸಿದ್ದೇನೆ, ಚಿಕ್ಕದು, ದರ ಸ್ವಲ್ಪ ಹೆಚ್ಚು. ಶನಿವಾರ ಮುಂಜಾನೆ ಬಸ್ಸಿಗೆ ಬರುತ್ತೇನೆ, ಮೂವರೂ ಹೋಗಿ ನೋಡೋಣ. ಅಲ್ಲಿಯ ತನಕ ಸಹಿ ಮಾಡಬೇಡ.

ನಿನ್ನ ಅಪ್ಪ