ಹೊಸ ಮ್ಯಾನೇಜರ್‌ಗೆ ಮೊದಲು ಅವರ ತಂಡ ಕೊಡಿ, ಆಮೇಲೆ ಲೆಕ್ಕ ಕೇಳಿ

ವಾಸ್ಕೊ, ಗೋವಾ
27 ನವೆಂಬರ್ 2024

ಮಾನ್ಯ ಸಂಪಾದಕರಿಗೆ,

ಸಾದರ ನಮಸ್ಕಾರಗಳು.

ಕಳೆದ ಭಾನುವಾರ ರಾತ್ರಿ ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್ಬಾಲ್ ತಂಡ 1–1ರಿಂದ ಡ್ರಾ ಮಾಡಿಕೊಂಡ ಪಂದ್ಯದ ವರದಿಯನ್ನು ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಓದಿದೆ. ಆ ತಂಡದ ಹೊಸ ಮ್ಯಾನೇಜರ್, ಅಂದರೆ ಮುಖ್ಯ ತರಬೇತುದಾರ, ರೂಬೆನ್ ಅಮೋರಿಮ್ ಮೊದಲ ಪಂದ್ಯದಲ್ಲೇ ನಿರಾಸೆ ಮೂಡಿಸಿದರು ಎಂಬ ಅರ್ಥ ಬರುವಂತೆ ಆ ವರದಿ ಇತ್ತು. ತೊಂಬತ್ತು ನಿಮಿಷದ ಒಂದೇ ಆಟ ನೋಡಿ ಒಬ್ಬ ಮನುಷ್ಯನ ಕೆಲಸವನ್ನು ಅಳೆಯುವುದು ನನಗೆ ಸರಿಕಾಣಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕ್ಲಬ್ಬಿನ ನಿಜವಾದ ಕಷ್ಟ ಎಲ್ಲಿದೆ ಎಂಬುದು ಆ ವರದಿಯಲ್ಲಿ ಎಲ್ಲಿಯೂ ಬರಲಿಲ್ಲ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಗದಗದ ಕಡೆಯವನು. ಬಂದರಿನ ಕೆಲಸಕ್ಕೆಂದು ವಾಸ್ಕೊಗೆ ಬಂದು ನಾಲ್ಕು ದಶಕಗಳಾದವು. ಊರಿನಲ್ಲಿದ್ದಾಗ ನಮಗೆ ಆಟವೆಂದರೆ ಕಬಡ್ಡಿ, ಕೊಕ್ಕೊ ಮತ್ತು ಕ್ರಿಕೆಟ್ ಮಾತ್ರ. ಕಾಲ್ಚೆಂಡಿನ ರುಚಿ ಹತ್ತಿದ್ದು ಇಲ್ಲಿನ ತಿಲಕ್ ಮೈದಾನದಲ್ಲಿ, ಸಾಲ್ಗಾಂವಕರ್ ಮತ್ತು ಡೆಂಪೊ ತಂಡಗಳ ಆಟ ನೋಡುತ್ತಾ. ಬೈನಾ ಕಡೆಯ ನಮ್ಮ ಕನ್ನಡಿಗರ ಮಕ್ಕಳು ಇಂದು ಸಂಜೆಯಾದರೆ ಚೆಂಡು ಹಿಡಿದೇ ಮನೆಯಿಂದ ಹೊರಬೀಳುತ್ತಾರೆ. ನೆರೆಯ ಗೋವನ್ ಹಿರಿಯರ ಪೈಕಿ ಕೆಲವರಿಗೆ ಲಿಸ್ಬನ್ ನಗರದ ಬೆನ್ಫಿಕಾ ಮತ್ತು ಸ್ಪೋರ್ಟಿಂಗ್ ತಂಡಗಳ ಮೇಲೆ ಇಂದಿಗೂ ಮಮತೆ ಇದೆ. ಆದ್ದರಿಂದ ಸ್ಪೋರ್ಟಿಂಗ್ ತಂಡದ ಮ್ಯಾನೇಜರ್ ಆಗಿದ್ದ ಅಮೋರಿಮ್ ಅವರ ಹೆಸರು ನಮ್ಮ ಬೀದಿಗೆ ಈ ತಿಂಗಳು ಬಂದದ್ದಲ್ಲ.

ಸ್ಪೋರ್ಟಿಂಗ್ ಕ್ಲಬ್ 2020ರ ಮಾರ್ಚ್‌ನಲ್ಲಿ ಅವರನ್ನು ಬ್ರಾಗಾ ತಂಡದಿಂದ ಕರೆತಂದಾಗ ಅದಕ್ಕಾಗಿ ಒಂದು ಕೋಟಿ ಯೂರೊ ಕೊಟ್ಟಿತು. ಮೇಲ್ದರ್ಜೆಯ ತಂಡವೊಂದನ್ನು ಕೆಲವೇ ತಿಂಗಳು ನಡೆಸಿದ್ದ ತರುಣನಿಗೆ ಅಷ್ಟು ಹಣವೇ ಎಂದು ಪೋರ್ಚುಗಲ್‌ನಲ್ಲಿ ಹುಬ್ಬೇರಿಸಿದವರೇ ಹೆಚ್ಚು. ಆ ಋತುವಿನಲ್ಲಿ ತಂಡ ನಾಲ್ಕನೇ ಸ್ಥಾನದಲ್ಲಿ ಉಳಿಯಿತು. ಮರುವರ್ಷವೇ, 19 ವರ್ಷಗಳ ನಂತರ, ಲೀಗ್ ಗೆದ್ದಿತು. 2024ರಲ್ಲಿ ಮತ್ತೊಮ್ಮೆ ಗೆದ್ದಿತು. ಗೆಲುವಿನಷ್ಟೇ ಮುಖ್ಯವಾದದ್ದು ಆ ತಂಡವನ್ನು ಕಟ್ಟಿದ ರೀತಿ. ಆಟಗಾರರನ್ನು ತರುವ ಹೊಣೆ ಹೊತ್ತಿದ್ದ ನಿರ್ದೇಶಕ ಹ್ಯೂಗೊ ವಿಯಾನಾ ಮತ್ತು ಆಡಿಸುವ ಅಮೋರಿಮ್ ಒಂದೇ ಯೋಚನೆಯಲ್ಲಿ ಕೆಲಸ ಮಾಡಿದರು. ಹಿಂದೆ ಮೂವರು ರಕ್ಷಣಾ ಆಟಗಾರರು, ಎರಡೂ ಅಂಚುಗಳುದ್ದಕ್ಕೂ ಮೇಲೆ ಕೆಳಗೆ ಓಡುವ ಇಬ್ಬರು ವಿಂಗ್‌ಬ್ಯಾಕ್‌ಗಳು ಎಂಬುದು ಅಮೋರಿಮ್ ಅವರ ವ್ಯೂಹ. ಅದಕ್ಕೆ ಬೇಕಾದ ಬಲಬದಿಯ ಆಟಗಾರ ಪೆಡ್ರೊ ಪೊರ್ರೊ ಅವರನ್ನು ಮೊದಲು ಎರವಲಾಗಿ ತಂದು, ನಂತರ ಖರೀದಿಸಿದರು. ಎಡಬದಿಗೆ ತಮ್ಮದೇ ಅಕಾಡೆಮಿಯಲ್ಲಿ ಬೆಳೆದ ಹದಿಹರೆಯದ ನೂನೊ ಮೆಂಡಿಸ್ ಅವರನ್ನು ಇಳಿಸಿದರು. ಸಣ್ಣ ಕ್ಲಬ್ಬಾದ ಫಮಲಿಕಾವೊದಿಂದ ಬಂದ ಪೆಡ್ರೊ ಗೊನ್ಸಾಲ್ವಿಸ್ ಮೊದಲ ವರ್ಷವೇ 23 ಗೋಲು ಹೊಡೆದು ಲೀಗಿನ ಅಗ್ರ ಗೋಲುಗಾರರಾದರು. ವ್ಯೂಹ ಮೊದಲು, ಅದಕ್ಕೆ ಒಪ್ಪುವ ಆಟಗಾರ ಆಮೇಲೆ ಎಂಬ ಕ್ರಮ ಅಲ್ಲಿತ್ತು.

ಇದೇ ಅಮೋರಿಮ್ ಅವರಿಗೆ ಮ್ಯಾಂಚೆಸ್ಟರ್‌ನಲ್ಲಿ ಸಿಕ್ಕಿದ್ದೇನು? ಋತುವಿನ ಕೊನೆಯಲ್ಲಿ ಬರುತ್ತೇನೆ ಎಂದು ತಾವು ಕೇಳಿಕೊಂಡಿದ್ದಾಗಿಯೂ, ಈಗ ಬರಬೇಕು ಇಲ್ಲವೇ ಅವಕಾಶವೇ ಇಲ್ಲ ಎಂಬ ಪರಿಸ್ಥಿತಿ ಇತ್ತೆಂದೂ ಅವರೇ ಹೇಳಿದ್ದಾರೆ. ನವೆಂಬರ್ 11ರಂದು ಅವರು ಕೆಲಸಕ್ಕೆ ಸೇರಿದಾಗ ಬಹುಪಾಲು ಆಟಗಾರರು ತಮ್ಮ ತಮ್ಮ ದೇಶದ ತಂಡಗಳಿಗೆ ಆಡಲು ಹೋಗಿದ್ದರು. ಇಡೀ ತಂಡ ಒಟ್ಟಿಗೆ ಅವರ ಕೈಗೆ ಸಿಕ್ಕಿದ್ದು ಪಂದ್ಯಕ್ಕೆ ಕೆಲವೇ ದಿನಗಳ ಮುಂಚೆ. ಇಪ್ಸ್‌ವಿಚ್‌ನಲ್ಲಿ ಬಲ ಅಂಚಿನ ವಿಂಗ್‌ಬ್ಯಾಕ್ ಆಗಿ ಆಡಿದ ಅಮಾದ್ ಡಿಯಾಲೊ ಮೂಲತಃ ಮುನ್ನುಗ್ಗಿ ಆಡುವ ಆಟಗಾರ. ಎಡ ಅಂಚಿಗೆ ಬಲಗಾಲಿನ ಡಿಯೊಗೊ ದಲೊಟ್ ಅವರನ್ನು ಹಾಕಬೇಕಾಯಿತು. ಅಮಾದ್ ಕೊಟ್ಟ ಚೆಂಡಿನಿಂದಲೇ ಎರಡನೇ ನಿಮಿಷದಲ್ಲಿ ಮಾರ್ಕಸ್ ರಾಷ್‌ಫರ್ಡ್ ಗೋಲು ಹೊಡೆದದ್ದು ನಿಜ. ಆದರೆ ವಿರಾಮಕ್ಕೆ ಮುನ್ನ ಒಮಾರಿ ಹಚಿನ್ಸನ್ ಗೋಲು ಮರಳಿಸಿದರು. ಇನ್ನೂ ಕೆಲವು ಕಾಲ ಕಷ್ಟಪಡಬೇಕಾಗುತ್ತದೆ ಎಂದು ಪಂದ್ಯದ ನಂತರ ಅಮೋರಿಮ್ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಮಾತನ್ನು ನಾನು ಸೋಲೊಪ್ಪಿಗೆ ಎಂದು ತಿಳಿಯಲಿಲ್ಲ. ತನಗೆ ಸಿಕ್ಕ ಸರಕನ್ನು ಸರಿಯಾಗಿ ತೂಗಿ ನೋಡಿದವರ ಮಾತು ಎಂದೇ ಭಾವಿಸಿದೆ.

ಆ ತಂಡದ ಪಟ್ಟಿಯನ್ನು ಒಮ್ಮೆ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಗೋಲ್‌ಕೀಪರ್ ಆಂದ್ರೆ ಒನಾನಾ, ಲಿಸಾಂಡ್ರೊ ಮಾರ್ಟಿನೆಜ್, ಮಥೈಸ್ ಡಿ ಲಿಖ್ತ್, ನುಸೈರ್ ಮಜ್ರಾವಿ, ಆಂಟನಿ ಈ ಐವರೂ ಹಿಂದಿನ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರ ಕೈಕೆಳಗೆ ಆಮ್ಸ್ಟರ್‌ಡ್ಯಾಮಿನ ಅಯಾಕ್ಸ್ ಕ್ಲಬ್ಬಿನಲ್ಲಿ ಆಡಿದವರು. ಅವರಲ್ಲಿ ಆಂಟನಿ ಒಬ್ಬರಿಗೇ 2022ರಲ್ಲಿ ಸುಮಾರು ಒಂಬತ್ತೂವರೆ ಕೋಟಿ ಯೂರೊ ಸುರಿಯಲಾಯಿತು, ಮತ್ತು ಅವರ ಆಟ ಆ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಒಬ್ಬ ಮ್ಯಾನೇಜರ್ ತನ್ನ ಹಳೆಯ ಶಿಷ್ಯರನ್ನು ಕೇಳುವುದು ಸಹಜ, ಅದರಲ್ಲಿ ತಪ್ಪಿಲ್ಲ. ಆದರೆ ಆತ ಹೋದ ಮೇಲೆ ಆ ಶಿಷ್ಯರು ಯಾರ ಯೋಜನೆಗೆ ಸೇರುತ್ತಾರೆ ಎಂದು ಕೇಳುವವರು ಕ್ಲಬ್ಬಿನ ಆಡಳಿತದಲ್ಲಿ ಇರಬೇಕಿತ್ತು. ಫುಟ್ಬಾಲ್ ನಿರ್ದೇಶಕ ಎಂಬ ಹುದ್ದೆಯನ್ನೇ ಆ ಕ್ಲಬ್ 2021ರಲ್ಲಿ ಮೊದಲ ಬಾರಿಗೆ ತುಂಬಿತು. ಬ್ರಿಟನ್ನಿನ ಉದ್ಯಮಿ ಜಿಮ್ ರಾಟ್‌ಕ್ಲಿಫ್ ಕಾಲುಭಾಗದಷ್ಟು ಪಾಲು ಕೊಂಡು ಆಟದ ವ್ಯವಹಾರವನ್ನು ಕೈಗೆ ತೆಗೆದುಕೊಂಡಿದ್ದು ಈ ವರ್ಷದ ಫೆಬ್ರವರಿಯಲ್ಲಿ. ಅವರು ಆರಿಸಿದ ಕ್ರೀಡಾ ನಿರ್ದೇಶಕರು ಕೆಲಸಕ್ಕೆ ಬಂದದ್ದು ಜುಲೈಯಲ್ಲಿ. ಅದಕ್ಕೂ ಮೊದಲಿನ ಒಂದು ದಶಕದಲ್ಲಿ ಬಂದುಹೋದ ಪ್ರತಿಯೊಬ್ಬ ಮ್ಯಾನೇಜರ್ ತನ್ನ ಅಳತೆಗೆ ಒಂದಷ್ಟು ಹೊಲಿಸಿಕೊಂಡ, ಉಳಿದದ್ದನ್ನು ಮುಂದಿನವನ ಮೈಮೇಲೆ ಹಾಕಿ ಹೋದ.

ಅಲೆಕ್ಸ್ ಫರ್ಗುಸನ್ 2013ರಲ್ಲಿ ನಿವೃತ್ತರಾದ ಮೇಲೆ ಅಮೋರಿಮ್ ಆರನೇ ಖಾಯಂ ಮ್ಯಾನೇಜರ್. ಡೇವಿಡ್ ಮೊಯೆಸ್ ಅವರಿಗೆ ಆರು ವರ್ಷದ ಕರಾರು ಕೊಟ್ಟು ಹತ್ತು ತಿಂಗಳಿಗೆ ಮನೆಗೆ ಕಳುಹಿಸಿದರು. ಲೂಯಿ ವಾನ್ ಗಾಲ್ 2016ರ ಮೇ 21ರಂದು ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದರು, ಮೇ 23ರಂದು ಕೆಲಸ ಕಳೆದುಕೊಂಡರು. ಟೆನ್ ಹಾಗ್ ಅವರ ವಿಷಯವಂತೂ ನನಗೆ ಇಂದಿಗೂ ಅರ್ಥವಾಗಿಲ್ಲ: ಲೀಗಿನಲ್ಲಿ ಎಂಟನೇ ಸ್ಥಾನಕ್ಕೆ ಇಳಿದರೂ ಈ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಗೆದ್ದರೆಂದು ಜುಲೈಯಲ್ಲಿ ಅವರ ಕರಾರನ್ನು 2026ರವರೆಗೆ ವಿಸ್ತರಿಸಿದರು, ಅವರಿಗಾಗಿ ಬೇಸಿಗೆಯಲ್ಲಿ ಆಟಗಾರರನ್ನು ಕೊಂಡರು, ಅಕ್ಟೋಬರ್ 28ಕ್ಕೆ ಅವರನ್ನು ತೆಗೆದರು. ಬಿತ್ತನೆ ಒಬ್ಬರದು, ಎಡೆ ಹೊಡೆಯುವುದು ಇನ್ನೊಬ್ಬರದು, ಬೆಳೆ ಬರಲಿಲ್ಲವೆಂದು ಬೈಗುಳ ಮೂರನೆಯವರಿಗೆ ಎಂಬಂತಾಗಿದೆ ಅಲ್ಲಿನ ಸ್ಥಿತಿ.

ಇಂಥ ಸಂದರ್ಭಗಳಲ್ಲಿ ಎಲ್ಲರೂ ಫರ್ಗುಸನ್ ಅವರ ಉದಾಹರಣೆ ಕೊಡುತ್ತಾರೆ. ಅದನ್ನು ಅರ್ಧಕ್ಕೇ ಹೇಳಿ ನಿಲ್ಲಿಸುತ್ತಾರೆ ಎಂಬುದು ನನ್ನ ಆಕ್ಷೇಪ. 1986ರ ನವೆಂಬರ್‌ನಲ್ಲಿ ಬಂದ ಅವರು 1990ರವರೆಗೆ ಏನನ್ನೂ ಗೆಲ್ಲಲಿಲ್ಲ, 1989–90ರಲ್ಲಿ ತಂಡ 13ನೇ ಸ್ಥಾನದಲ್ಲಿತ್ತು, ಆದರೂ ಕ್ಲಬ್ ತಾಳ್ಮೆಯಿಂದ ಕಾಯಿತು ಎನ್ನುವವರೆಗೆ ಹೇಳುತ್ತಾರೆ. ಬರೀ ತಾಳ್ಮೆಯಿಂದ ಯಾವ ತಂಡವೂ ಬೆಳೆಯದು. ಆ ವರ್ಷಗಳಲ್ಲಿ ಫರ್ಗುಸನ್ ಊರೂರುಗಳಲ್ಲಿ ಹುಡುಗರನ್ನು ಗುರುತಿಸುವವರ ಸಂಖ್ಯೆಯನ್ನು ಹೆಚ್ಚಿಸಿ, ಎಳೆಯರ ತಂಡಗಳನ್ನು ಹೊಸದಾಗಿ ಕಟ್ಟಿದರು. 1992ರಲ್ಲಿ ಎಫ್‌ಎ ಯೂತ್ ಕಪ್ ಗೆದ್ದ ಹುಡುಗರಲ್ಲಿ ರಯಾನ್ ಗಿಗ್ಸ್, ಡೇವಿಡ್ ಬೆಕಮ್, ಗ್ಯಾರಿ ನೆವಿಲ್, ನಿಕಿ ಬಟ್ ಇದ್ದರು. ಮರುವರ್ಷ ಹಿರಿಯರ ತಂಡ 26 ವರ್ಷಗಳ ಬಳಿಕ ಲೀಗ್ ಗೆದ್ದಿತು. ಅಂಕಪಟ್ಟಿಯಲ್ಲಿ ಕಾಣದಿದ್ದರೂ ಕೆಲಸ ನಡೆಯುತ್ತಿದೆ ಎಂಬುದು ಆಡಳಿತದವರ ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದಲೇ ಅವರು ಕಾದರು. ಇಂದಿನ ಆಡಳಿತ ಅಮೋರಿಮ್ ಅವರಲ್ಲಿ ಅಂಥದ್ದೇನನ್ನು ನೋಡಲು ಬಯಸುತ್ತದೆ ಎಂಬುದನ್ನು ಇನ್ನೂ ಬಾಯಿಬಿಟ್ಟು ಹೇಳಿಲ್ಲ.

ಇದು ದೂರದ ದೇಶದ ಕತೆಯೆಂದು ನಮ್ಮ ಓದುಗರು ಅಂದುಕೊಳ್ಳಬಾರದು. ಎಫ್‌ಸಿ ಗೋವಾ ತಂಡವನ್ನು ಸೊಗಸಾದ ಆಟಕ್ಕೆ ಒಗ್ಗಿಸಿದ್ದ ತರಬೇತುದಾರ ಸರ್ಜಿಯೊ ಲೊಬೆರಾ ಅವರನ್ನು 2020ರ ಜನವರಿ ಕೊನೆಯಲ್ಲಿ, ತಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಟ್ಟಿಯ ಮೊದಲ ಸ್ಥಾನದಲ್ಲಿದ್ದಾಗಲೇ ತೆಗೆದುಹಾಕಲಾಯಿತು. ನಮ್ಮವರೇ ಆದ ಕ್ಲಿಫರ್ಡ್ ಮಿರಾಂಡಾ ಉಳಿದ ಪಂದ್ಯಗಳನ್ನು ದಾಟಿಸಿ, ಲೀಗ್ ಹಂತದಲ್ಲಿ ಮೊದಲಿಗರಾದವರಿಗೆ ಸಿಗುವ ಲೀಗ್ ಶೀಲ್ಡ್ ತಂದುಕೊಟ್ಟರು. ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಚಾಂಪಿಯನ್ಸ್ ಲೀಗಿನ ಗುಂಪು ಹಂತ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಮ್ಮೆಯೂ ನಮಗೆ ಬಂತು. ಆದರೆ ಲೊಬೆರಾ ಮುಂಬೈ ಸಿಟಿಗೆ ಹೋದರು. ಅವರ ಬೆನ್ನಿಗೇ ಆಟಗಾರರಾದ ಮಂದಾರ್ ರಾವ್ ದೇಸಾಯಿ, ಅಹ್ಮದ್ ಜಾಹು, ಹ್ಯೂಗೊ ಬೂಮೂಸ್, ಮುರ್ತಾದಾ ಫಾಲ್ ಹೋದರು. 2021ರ ಮಾರ್ಚ್ 13ರಂದು ಮುಂಬೈ ಸಿಟಿ ಐಎಸ್‌ಎಲ್ ಕಪ್ ಎತ್ತಿದ್ದು ನಮ್ಮ ಫತೋರ್ಡಾ ಕ್ರೀಡಾಂಗಣದಲ್ಲಿಯೇ. ಕೋವಿಡ್ ಕಾರಣ ಕ್ರೀಡಾಂಗಣದೊಳಗೆ ಪ್ರೇಕ್ಷಕರಿರಲಿಲ್ಲ. ಮನೆಯಲ್ಲಿ ಟಿವಿ ಮುಂದೆ ಕುಳಿತು ಅದನ್ನು ನೋಡಿದ ಆ ರಾತ್ರಿಯ ನೋವು ನನಗೆ ಇನ್ನೂ ನೆನಪಿದೆ. ತರಬೇತುದಾರನೊಬ್ಬ ಹೋಗುವಾಗ ಅವನ ಜೊತೆಗೆ ಎಷ್ಟೆಲ್ಲ ಹೋಗುತ್ತದೆ ಎಂಬುದನ್ನು ಗೋವಾದ ಅಭಿಮಾನಿಗಳು ಅಂದು ಕಣ್ಣಾರೆ ಕಂಡರು. ಇದಕ್ಕೆ ತದ್ವಿರುದ್ಧವಾಗಿ ಡೆಂಪೊ ಕ್ಲಬ್ ತರಬೇತುದಾರ ಅರ್ಮಾಂಡೊ ಕೊಲಾಸೊ ಅವರ ಕೈಯಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ತಂಡವನ್ನು ಬಿಟ್ಟಿತು, ಮತ್ತು ಐದು ಬಾರಿ ದೇಶದ ಚಾಂಪಿಯನ್ ಆಯಿತು.

ಮ್ಯಾನೇಜರ್‌ಗಳನ್ನು ಟೀಕಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಟೆನ್ ಹಾಗ್ ಅವರ ತಂಡ ಎರಡು ವರ್ಷ ಕಳೆದರೂ ಯಾವ ಬಗೆಯ ಆಟ ಆಡಬಯಸುತ್ತದೆ ಎಂಬುದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಆ ಟೀಕೆಗೆ ಅವರು ಅರ್ಹರೇ. ಅಮೋರಿಮ್ ಅವರನ್ನೂ ಕೇಳಬೇಕಾದ ಪ್ರಶ್ನೆಗಳಿವೆ. ಕೈಯಲ್ಲಿರುವ ಆಟಗಾರರು ಒಗ್ಗದಿದ್ದಾಗಲೂ ತಮ್ಮ ಮೂವರು ರಕ್ಷಕರ ವ್ಯೂಹವನ್ನೇ ಹಿಡಿದು ಕೂರುತ್ತಾರೆಯೇ, ಅಥವಾ ಈ ಋತು ಮುಗಿಯುವವರೆಗೆ ಸ್ವಲ್ಪ ಬಾಗುತ್ತಾರೆಯೇ ಎಂಬುದು ಅವುಗಳಲ್ಲಿ ಮೊದಲನೆಯದು. ಬಾಗಿದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ, ಆದರೆ ನನ್ನ ಮೊಮ್ಮಗ ಇದನ್ನು ಒಪ್ಪುವುದಿಲ್ಲ. ಮೊದಲ ದಿನದಿಂದಲೇ ಕಲಿಸಿದರೆ ಮಾತ್ರ ಮುಂದಿನ ವರ್ಷಕ್ಕೆ ತಂಡ ಸಿದ್ಧವಾಗುತ್ತದೆ ಎಂಬುದು ಅವನ ವಾದ, ಅದರಲ್ಲಿಯೂ ಹುರುಳಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಜನವರಿಯಲ್ಲಿ ಆಟಗಾರರ ಕೊಡುಕೊಳ್ಳುವಿಕೆಗೆ ಅವಕಾಶ ತೆರೆದಾಗ ಯಾರು ಬಂದರು, ಎಷ್ಟು ಕೊಟ್ಟರು ಎಂಬುದರ ಜೊತೆಗೆ ಯಾವ ಸ್ಥಾನಕ್ಕೆ, ಯಾರ ತೀರ್ಮಾನದ ಮೇರೆಗೆ ಬಂದರು ಎಂಬುದನ್ನೂ ತಮ್ಮ ವರದಿಗಾರರು ಬರೆಯಲಿ. ಎಡ ಅಂಚಿಗೆ ಎಡಗಾಲಿನ ಒಬ್ಬ ಓಟಗಾರನನ್ನು ಕ್ಲಬ್ ತಂದರೆ, ಹೊಸ ಮ್ಯಾನೇಜರ್ ಮಾತು ಅಲ್ಲಿ ನಡೆಯುತ್ತಿದೆ ಎಂದು ತಿಳಿಯಬಹುದು. ತರದೆ ಹೋದರೆ, ಮುಂದಿನ ಸೋಲುಗಳ ಲೆಕ್ಕವನ್ನು ಆಡಳಿತದವರ ಮುಂದೆಯೂ ಇಡಬೇಕಾಗುತ್ತದೆ. ನಾಳೆ ಗುರುವಾರ ರಾತ್ರಿ ಓಲ್ಡ್ ಟ್ರಾಫರ್ಡ್‌ನಲ್ಲಿ ನಾರ್ವೆಯ ಬೋಡೊ ಗ್ಲಿಂಟ್ ವಿರುದ್ಧ ಅಮೋರಿಮ್ ತವರಿನ ಮೊದಲ ಪಂದ್ಯ ಆಡಿಸಲಿದ್ದಾರೆ. ಗೆಲುವೋ ಸೋಲೋ, ಅದರ ವರದಿಯಲ್ಲಿ ಎರಡು ಅಂಚುಗಳಲ್ಲಿ ಯಾರು ಆಡಿದರು, ಹೇಗೆ ಆಡಿದರು ಎಂಬ ನಾಲ್ಕು ಸಾಲುಗಳಿಗೂ ಜಾಗ ಸಿಗಲಿ ಎಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗ,
ನಿವೃತ್ತ ಬಂದರು ನೌಕರ, ಬೈನಾ, ವಾಸ್ಕೊ