ಲಾಠಿ ಜೀಪಲ್ಲೇ ಇರಲಿ

ಬದಿಯಡ್ಕ

ಪ್ರೀತಿಯ ಸುರೇಶ,

ನಿನ್ನನ್ನು ರೈಲು ಸ್ಟೇಷನ್ ಹತ್ತಿರದ ಪೊಲೀಸ್ ಠಾಣೆಯಲ್ಲಿ ಡ್ಯೂಟಿಗೆ ಹಾಕಿದ್ದಾರೆ ಅಂತ ನಿನ್ನ ಅಪ್ಪ ಹೇಳಿದ. ಹಾಗಾದರೆ ದಾರಿ ತಪ್ಪಿ ಬಂದ ಮನೋರೋಗಿಗಳು ನಿನಗೆ ಆಗಾಗ ಸಿಗುತ್ತಾರೆ. ನರ್ಸ್ ಆಗಿದ್ದಾಗ ಪೊಲೀಸರು ಅಂಥವರನ್ನು ಕರೆತರುವುದನ್ನು ತುಂಬಾ ನೋಡಿದ್ದೇನೆ. ಹಗ್ಗ ಕಟ್ಟಿ ಎಳೆದು ತಂದವರೂ ಇದ್ದರು, ಚಹಾ ಕುಡಿಸಿ ಕರೆತಂದವರೂ ಇದ್ದರು. ಚಹಾ ಕುಡಿದು ಬಂದವನಿಗೆ ಇಂಜೆಕ್ಷನ್ ಕೊಡಲು ನಾಲ್ಕು ಜನ ಹಿಡಿದುಕೊಳ್ಳಬೇಕಾಗಿರಲಿಲ್ಲ.

ನಮ್ಮ ಕಾಸರಗೋಡಿನಲ್ಲಿ ಮೊದಲ ಕೆಲಸ ಭಾಷೆ ಹುಡುಕುವುದು. ಮಲಯಾಳದಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಅಂದರೆ ತಲೆ ಕೆಟ್ಟಿದೆ ಅಂತಲ್ಲ. ತುಳು, ಕನ್ನಡ, ಬ್ಯಾರಿ, ಹಿಂದಿ ಎಲ್ಲ ಆಡಿ ನೋಡು. ಒಡಿಯಾವೋ ಬಂಗಾಳಿಯೋ ಆಗಿದ್ದರೆ ಹೋಟೆಲಲ್ಲಿ ಕೆಲಸಕ್ಕಿರುವ ಹುಡುಗರನ್ನು ಕರೆಸು. ಮಾತು ನಿಮ್ಮಲ್ಲಿ ಒಬ್ಬನೇ ಆಡಬೇಕು. ಉಳಿದವರು ಮೊಬೈಲ್ ಹಿಡಿದ ಜನರನ್ನು ಚದುರಿಸಲಿ. ರೋಗಿಯ ಕಿವಿಗೆ ಮಾತ್ರ ಕೇಳಿಸುವ ದನಿ ಸುಳ್ಳು ಅಂತ ವಾದ ಮಾಡಬೇಡ, ಹೌದು ಅಂತಲೂ ಹೇಳಬೇಡ. ಹೆದರಿಕೆ ಆಗ್ತಿದೆಯಾ ಅಂತ ಕೇಳು, ಸಾಕು. ತೊದಲುತ್ತ ಬೆವರುತ್ತಿದ್ದರೆ ಕುಡುಕ ಅಂತ ಬದಿಗೆ ಕೂರಿಸಬೇಡ. ರಕ್ತದಲ್ಲಿ ಸಕ್ಕರೆ ಇಳಿದರೂ, ತಲೆಗೆ ಪೆಟ್ಟು ಬಿದ್ದರೂ ಹಾಗೇ ಕಾಣುತ್ತದೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಓದಿಕೊ. ಅಂಥವರನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿಗೆ ಹಾಕುವ ಹಾಗೇ ಇಲ್ಲ, ಒಂದು ರಾತ್ರಿಗೂ ಇಲ್ಲ. ಅಲೆಯುತ್ತಿದ್ದವನಾದರೆ ಕಾಣೆಯಾದವನ ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕುವುದೂ ಠಾಣೆಯ ಹೊಣೆ. ತಲಪಾಡಿ ಗಡಿ ದಾಟಿಸಿ ಕರ್ನಾಟಕದಲ್ಲಿ ಬಿಟ್ಟು ಬರೋಣ ಅಂತ ಯಾರಾದರೂ ಅಂದರೆ ಒಪ್ಪಬೇಡ. ಅಲ್ಲಿಯ ಪೊಲೀಸರ ತಲೆಗೆ ಕಟ್ಟಿದ ಹಾಗಾಯಿತೇ ಹೊರತು ರೋಗಿಗೆ ಏನು ಬಂತು?

ಅಮೆರಿಕದ ಮೆಂಫಿಸ್‌ನಲ್ಲಿ 1988ರಲ್ಲಿ ಶುರುವಾದ ಪದ್ಧತಿಯಲ್ಲಿ ಮನೋರೋಗಿಗಳ ಜೊತೆ ಹೇಗಿರಬೇಕು ಅಂತ ಕಲಿಯಲೆಂದೇ ಪೊಲೀಸರಿಗೆ 40 ಗಂಟೆಯ ತರಬೇತಿ. ನಿಮ್ಮಲ್ಲಿ ಜೀಪು ಒಂದು, ಜನ ಕಮ್ಮಿ. ಅಷ್ಟು ದಿನ ಯಾರು ಬಿಡುತ್ತಾರೆ! ಒಂದು ಮಧ್ಯಾಹ್ನದಿಂದ ಶುರು ಮಾಡಿ. ಭಾಷಣ ಬೇಡ. ಮನೋರೋಗ ವಾರ್ಡಿನ ಒಬ್ಬ ನರ್ಸ್, ಗುಣವಾಗಿ ಮನೆಯಲ್ಲಿರುವ ಒಬ್ಬರು ಬರಲಿ. ಪೊಲೀಸರು ಹಿಡಿದಾಗ ಹೇಗನಿಸಿತು ಅಂತ ಅವರ ಬಾಯಿಂದಲೇ ಕೇಳಿ. ನನ್ನ ಲೆಕ್ಕದಲ್ಲಿ ಪುಸ್ತಕಕ್ಕಿಂತ ಅದು ಜಾಸ್ತಿ ನಾಟುತ್ತದೆ. ಆಮೇಲೆ ನೀವೇ ಒಬ್ಬ ರೋಗಿಯಾಗಿ, ಒಬ್ಬ ಪೊಲೀಸ್ ಆಗಿ ಮಾಡಿ ನೋಡಿ. ನಗು ಬರುತ್ತದೆ, ಬರಲಿ.

ಯಾವ ಆಸ್ಪತ್ರೆಯಲ್ಲಿ ಯಾವ ದಿನ ಮನೋವೈದ್ಯರು ಸಿಗುತ್ತಾರೆ ಅಂತ ಈಗಲೇ ವಿಚಾರಿಸಿಕೊ. ಫೋನಲ್ಲೇ ಮನೋರೋಗದ ಸಲಹೆ ಕೊಡುವ ಸರ್ಕಾರದ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಇರುತ್ತದೆ. ರಾತ್ರಿ ಡ್ಯೂಟಿಯವರ ಮೇಜಿನ ಮೇಲೆ ದೊಡ್ಡದಾಗಿ ಬರೆದಿಡು.

ನರ್ಸ್ ಯಾರೂ ಸಿಗದಿದ್ದರೆ ನಾನೇ ಬರುತ್ತೇನೆ, ಬಸ್ಸಿದೆಯಲ್ಲ. ಮಧ್ಯಾಹ್ನದ ಊಟ ಮಾತ್ರ ನಿನ್ನದು.

ಇಂತಿ,
ನಿನ್ನ ದೊಡ್ಡಮ್ಮ